ಪ್ರತಿವಾದಿಯಾದ ನಗರ: ವ್ಯಾಜ್ಯ ಮತ್ತು ರಾಜಿಯ ಚರಿತ್ರೆ

ಕೋರ್ಟು ಹತ್ತಿದವರಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಕನ್ನಡ ನಾಡಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಇಬ್ಬರು ದಾಯಾದಿಗಳ ನಡುವಣ ಜಗಳವನ್ನೋ ಒಡೆಯ-ಒಕ್ಕಲುಗಳ ಹೋರಾಟವನ್ನೋ ಕಣ್ಣ ಮುಂದಿರಿಸಿಕೊಂಡು ಹುಟ್ಟಿದ ಮಾತಿದು. ಇಬ್ಬರೂ ಮನುಷ್ಯರು, ಇಬ್ಬರ ಗಂಟೂ ಕರಗುತ್ತದೆ, ಇಬ್ಬರ ಆಯುಷ್ಯವೂ ಸವೆಯುತ್ತದೆ ಎಂಬುದು ಅದರ ತಾತ್ಪರ್ಯ. ಆದರೆ ಆ ಇಬ್ಬರಲ್ಲಿ ಒಬ್ಬನು ಮನುಷ್ಯನೇ ಅಲ್ಲದೆ ಒಂದು ನಗರವಾಗಿದ್ದರೆ ಗಾದೆಯ ಗತಿ ಏನು? ನಗರಕ್ಕೆ ಮುಪ್ಪಿಲ್ಲ. ಅದು ತೆರುವ ಹಣ ಅದರ ಸ್ವಂತ ಗಳಿಕೆಯಲ್ಲ. ತೆರಿಗೆ ಕೊಟ್ಟ ಪೌರರದು. ಅದರ ಪರವಾಗಿ ಸಹಿ ಹಾಕುವ ಅಧಿಕಾರಿ ಮೂರು ವರ್ಷಕ್ಕೋ ನಾಲ್ಕು ವರ್ಷಕ್ಕೋ ವರ್ಗವಾಗಿ ಹೋಗುತ್ತಾನೆ. ಇಂಥ ಪ್ರತಿವಾದಿ ಸೋಲುವುದೂ ಇಲ್ಲ, ಸಾಯುವುದೂ ಇಲ್ಲ. ಸೋಲುವ ಕಷ್ಟ, ಸಾಯುವ ಕಷ್ಟ ಎರಡೂ ಎದುರಾಳಿಗೇ ಮೀಸಲು.

ಪೌರಸಂಸ್ಥೆಯೊಂದು ತನ್ನ ಮೇಲೆ ಬಂದ ದಾವೆಯನ್ನು ಯಾವಾಗ ಕೊನೆಯವರೆಗೂ ಎದುರಿಸಬೇಕು, ಯಾವಾಗ ರಾಜಿಗೆ ಒಪ್ಪಬೇಕು ಎಂಬ ಪ್ರಶ್ನೆ ವಕೀಲರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಅದರಲ್ಲಿ ತೆರಿಗೆ ಕೊಡುವವನ ಹಿತ, ನೊಂದವನ ಹಿತ, ನ್ಯಾಯಾಲಯದ ಮೆಟ್ಟಿಲನ್ನೇ ಕಾಣದ ಮೂರನೆಯವನ ಹಿತ ಮೂರೂ ಹೆಣೆದುಕೊಂಡಿವೆ. ಈ ಹೆಣಿಗೆಯ ಎಳೆಗಳನ್ನು ಬಿಡಿಸಿ ನೋಡಲು ದಿಲ್ಲಿ, ಉಡುಪಿ, ಮುಂಬಯಿ ಈ ಮೂರು ಊರುಗಳ ಮೊಕದ್ದಮೆಗಳು ಸಾಕಷ್ಟು ಬೆಳಕು ನೀಡುತ್ತವೆ.

1

ಮೊದಲಿಗೆ ನಗರವು ಕಾನೂನಿನ ಕಣ್ಣಿನಲ್ಲಿ 'ವ್ಯಕ್ತಿ'ಯಾದ ಬಗೆಯನ್ನು ನೋಡಬೇಕು. ಮುಂಬಯಿಯಲ್ಲಿ 1865ರ ಶಾಸನವು ನಗರದ ಶಾಂತಿರಕ್ಷಕ ನ್ಯಾಯಾಧಿಪತಿಗಳ ಸಮೂಹವನ್ನು ಒಂದು ನಿಗಮವನ್ನಾಗಿ ಮಾಡಿ, ಕಾರ್ಯಾಂಗದ ಅಧಿಕಾರವನ್ನೆಲ್ಲ ಒಬ್ಬ ಮುನಿಸಿಪಲ್ ಕಮಿಷನರನ ಕೈಗೆ ಒಪ್ಪಿಸಿತು. ಆ ಸ್ಥಾನಕ್ಕೆ ಬಂದ ಆರ್ಥರ್ ಕ್ರಾಫರ್ಡನು ಕೆಲಸಗಾರನೆಂಬುದರಲ್ಲಿ ಸಂಶಯವಿಲ್ಲ. ಅವನ ಹೆಸರಿನ ಮಾರುಕಟ್ಟೆ ಇಂದಿಗೂ ನಿಂತಿದೆ. ಆದರೆ ಅವನ ಖರ್ಚಿನ ಕೈಗೆ ಹಿಡಿತವಿರಲಿಲ್ಲ. 1871ರಲ್ಲಿ ತೆರಿಗೆದಾರರು ಎದ್ದುನಿಂತರು. ಅದರ ಫಲವಾಗಿ 1872ರ ಶಾಸನ ಬಂದು, ಚುನಾಯಿತ ಸದಸ್ಯರಿಗೆ ಸ್ಥಾನ ದೊರೆಯಿತು. ಹಣಕಾಸಿನ ಮೇಲೆ ಕಣ್ಣಿಡಲು ಒಂದು ಸಮಿತಿ ಏರ್ಪಟ್ಟಿತು. 1888ರ ಶಾಸನದಲ್ಲಿ ಅದು ಸ್ಥಾಯೀ ಸಮಿತಿಯಾಗಿ ನೆಲೆಗೊಂಡಿತು. ಆ ಶಾಸನದ ರಚನೆಯಲ್ಲಿ ಫಿರೋಜ್‌ಷಾ ಮೆಹತಾ ಅವರ ಪಾತ್ರ ಎಷ್ಟು ದೊಡ್ಡದೆಂಬುದು ಎಲ್ಲರಿಗೂ ತಿಳಿದದ್ದೇ.

ಈ ಪೂರ್ವಕಥೆಯನ್ನು ಇಲ್ಲಿ ಹೇಳಲು ಕಾರಣವಿದೆ. ರಾಜಿಯ ಕುರಿತಾದ ನಿಯಮಗಳು ಹುಟ್ಟಿದ್ದು ಇದೇ ಅಪನಂಬಿಕೆಯ ವಾತಾವರಣದಲ್ಲಿ. 1888ರ ಶಾಸನದ 517ನೆಯ ಕಲಮಿನ ಪ್ರಕಾರ ಕಾರ್ಪೊರೇಷನ್ನಿನ ಮೇಲೆ ಬಂದ ದಾವೆಯನ್ನು ಎದುರಿಸುವ ಅಧಿಕಾರ ಕಮಿಷನರಿಗಿದೆ; ಆದರೆ ಹಕ್ಕೊತ್ತಾಯವನ್ನು ಒಪ್ಪಿಕೊಳ್ಳುವುದಕ್ಕಾಗಲಿ ರಾಜಿ ಮಾಡಿಕೊಳ್ಳುವುದಕ್ಕಾಗಲಿ ಸ್ಥಾಯೀ ಸಮಿತಿಯ ಅನುಮೋದನೆ ಬೇಕು. ಹೋರಾಡುವುದಕ್ಕೆ ಒಂದು ಸಹಿ ಸಾಕು, ಒಪ್ಪಿಕೊಳ್ಳುವುದಕ್ಕೆ ಒಂದು ಸಭೆಯೇ ಬೇಕು. ಸಾರ್ವಜನಿಕ ಹಣವನ್ನು ಗುಟ್ಟಿನ ಒಪ್ಪಂದಗಳಲ್ಲಿ ಸೋರಿಹೋಗದಂತೆ ಕಾಯಲು ಕಟ್ಟಿದ ಒಡ್ಡು ಇದು. ಒಡ್ಡಿನ ಉದ್ದೇಶ ಒಳ್ಳೆಯದೇ. ಆದರೆ ಅದು ನೀರಿನ ದಾರಿಯನ್ನು ಒಂದೇ ಕಡೆಗೆ ತಿರುಗಿಸಿತು ಎಂಬುದನ್ನೂ ಮರೆಯುವಂತಿಲ್ಲ.

ಅದೇ ಶಾಸನದ 527ನೆಯ ಕಲಮು ಇನ್ನೊಂದು ದಿಕ್ಕಿನಿಂದ ಪೌರಸಂಸ್ಥೆಯನ್ನು ಕಾಪಾಡುತ್ತದೆ. ಶಾಸನದ ಅನುಸಾರ ನಡೆಸಿದ ಕಾರ್ಯದ ವಿಷಯದಲ್ಲಿ ದಾವೆ ಹೂಡುವವನು ಒಂದು ತಿಂಗಳು ಮುಂಚಿತವಾಗಿ ಲಿಖಿತ ನೋಟೀಸು ಕೊಡಬೇಕು. ಕಾರಣ ಉಂಟಾದ ಆರು ತಿಂಗಳೊಳಗಾಗಿ ದಾವೆ ಹೂಡಿರಬೇಕು. ನೋಟೀಸಿನ ಮೂಲ ಆಶಯ ಸ್ಪಷ್ಟವಾಗಿದೆ: ಒಂದು ತಿಂಗಳ ಅವಧಿಯಲ್ಲಿ ಸಂಸ್ಥೆಯು ತನ್ನ ತಪ್ಪನ್ನು ತಾನೇ ಪರಿಶೀಲಿಸಿ, ನ್ಯಾಯವಾದ ಬೇಡಿಕೆಯಾದರೆ ಮನೆಯಲ್ಲೇ ತೀರಿಸಿಬಿಡಲಿ ಎಂಬುದು. ವಾಸ್ತವದಲ್ಲಿ ಇಂಥ ನೋಟೀಸುಗಳು ಬಹುಮಟ್ಟಿಗೆ ಕಡತ ಸೇರುವ ಕಾಗದಗಳಾಗಿಯೇ ಉಳಿದವು. ಸೇಲಂ ವಕೀಲರ ಸಂಘದ ಮೊಕದ್ದಮೆಯಲ್ಲಿ 2005ರಲ್ಲಿ ತೀರ್ಪು ನೀಡಿದ ಸರ್ವೋಚ್ಚ ನ್ಯಾಯಾಲಯವು ಸರಕಾರಗಳಿಗೆ ಕೊಟ್ಟ ನೋಟೀಸುಗಳಿಗೆ ಉತ್ತರವೇ ಬರುವುದಿಲ್ಲ, ಬಂದರೂ ಹಾರಿಕೆಯ ಮಾತಾಗಿರುತ್ತದೆ ಎಂದು ಆಕ್ಷೇಪಿಸಿ, ಉತ್ತರ ಕೊಡುವ ಹೊಣೆಗೆ ಪ್ರತ್ಯೇಕ ಅಧಿಕಾರಿಯನ್ನು ನೇಮಿಸಬೇಕೆಂದು ಸರಕಾರಗಳಿಗೂ ಇತರ ಪ್ರಾಧಿಕಾರಗಳಿಗೂ ವಿಧಿಸಬೇಕಾಯಿತು. ನಾಗರಿಕನ ಪಾಲಿಗೆ ನೋಟೀಸು ಕಡ್ಡಾಯ. ಉತ್ತರ ಮಾತ್ರ ಐಚ್ಛಿಕ ಎಂಬ ಪದ್ಧತಿ ಅಲ್ಲಿಯವರೆಗೆ ನಡೆದುಬಂದಿತ್ತು.

2

ರಾಜಿಯಾಗಬೇಕಾಗಿದ್ದೂ ಆಗದೆ ಹೋದ ವ್ಯಾಜ್ಯಕ್ಕೆ ದಿಲ್ಲಿಯ ಗಡಿಯಾರ ಗೋಪುರದ ಪ್ರಕರಣಕ್ಕಿಂತ ಉತ್ತಮ ನಿದರ್ಶನ ಸಿಕ್ಕಲಾರದು. ಚಾಂದನೀ ಚೌಕದಲ್ಲಿ ಪುರಭವನದ ಎದುರಿಗೇ ನಿಂತಿದ್ದ ಆ ಗೋಪುರ 1951ರಲ್ಲಿ ಕುಸಿದುಬಿದ್ದಿತು. ಕೆಳಗೆ ಓಡಾಡುತ್ತಿದ್ದವರಲ್ಲಿ ಹಲವರು ಮಡಿದರು. ಗೋಪುರದ ಒಡೆತನ ಪೌರಸಂಸ್ಥೆಯದು. ಬಿದ್ದದ್ದು ಪೌರಸಂಸ್ಥೆಯ ಬಾಗಿಲ ಮುಂದೆ. ಮಡಿದವರ ವಾರಸುದಾರರು ಪರಿಹಾರ ಕೋರಿ ಮೂರು ದಾವೆಗಳನ್ನು ಹೂಡಿದರು.

ಪೌರಸಂಸ್ಥೆಯ ಪ್ರತಿವಾದ ಇಷ್ಟೇ: ಇದು ತಪ್ಪಿಸಲಾಗದ ಅಪಘಾತ, ಗೋಪುರದೊಳಗಣ ದೋಷ ಹೊರಗಣ್ಣಿಗೆ ಕಾಣುವಂತಿರಲಿಲ್ಲ, ಆದುದರಿಂದ ನಮ್ಮ ಹೊಣೆಯಿಲ್ಲ. ಆದರೆ ಸಾಕ್ಷ್ಯದಲ್ಲಿ ಹೊರಬಿದ್ದ ಸಂಗತಿ ಬೇರೆಯಾಗಿತ್ತು. ಕಟ್ಟಡಕ್ಕೆ ಎಂಬತ್ತು ವರ್ಷ ವಯಸ್ಸಾಗಿತ್ತು. ಬಳಸಿದ್ದ ಗಾರೆಯ ಸಹಜ ಆಯುಷ್ಯ ನಲವತ್ತರಿಂದ ನಲವತ್ತೈದು ವರ್ಷವೆಂದು ಎಂಜಿನಿಯರರ ಸಾಕ್ಷ್ಯವೇ ಹೇಳಿತು. ಗಾರೆ ತನ್ನ ಆಯುಷ್ಯದ ಎರಡರಷ್ಟು ಕಾಲ ಹೊರೆ ಹೊತ್ತಿತ್ತು. ಅದನ್ನು ಪರೀಕ್ಷಿಸಿ ನೋಡುವ ಗೋಜಿಗೆ ಯಾರೂ ಹೋಗಿರಲಿಲ್ಲ. ಹೆದ್ದಾರಿಯ ಪಕ್ಕದ ಕಟ್ಟಡ ಸುಮ್ಮನೆ ಬೀಳುವುದಿಲ್ಲ, ಬಿದ್ದರೆ ಒಡೆಯನ ಅಜಾಗ್ರತೆಯೇ ಕಾರಣವೆಂದು ಊಹಿಸಬೇಕು, ದೋಷ ಒಳಗಿತ್ತೆಂಬ ನೆಪ ಸಲ್ಲದು ಎಂದು ಸರ್ವೋಚ್ಚ ನ್ಯಾಯಾಲಯ ನಿರ್ಣಯಿಸಿತು. ಆ ತೀರ್ಪು ಬಂದದ್ದು 1966ರಲ್ಲಿ.

1951ರಿಂದ 1966. ಈ ಹದಿನೈದು ವರ್ಷಗಳಲ್ಲಿ ಪ್ರತಿವಾದಿಯ ಹೆಸರೇ ಬದಲಾಗಿತ್ತು; ದಿಲ್ಲಿಯ ಹಳೆಯ ಮುನಿಸಿಪಲ್ ಕಮಿಟಿ ಹೋಗಿ 1958ರಲ್ಲಿ ಕಾರ್ಪೊರೇಷನ್ ಬಂದಿತ್ತು. ಸಂಸ್ಥೆ ರೂಪಾಂತರ ಹೊಂದಿತು, ವ್ಯಾಜ್ಯ ಮಾತ್ರ ಪಿತ್ರಾರ್ಜಿತ ಆಸ್ತಿಯಂತೆ ಹೊಸ ಸಂಸ್ಥೆಗೆ ಬಂದು ಸೇರಿತು. ದುಡಿಯುವ ಕೈಯನ್ನು ಕಳೆದುಕೊಂಡ ಮನೆಯೊಂದಕ್ಕೆ ಹದಿನೈದು ವರ್ಷವೆಂದರೆ ತೊಟ್ಟಿಲ ಕೂಸು ಪ್ರೌಢಶಾಲೆಯ ಕೊನೆಯ ತರಗತಿಗೆ ಬರುವಷ್ಟು ಕಾಲ. ಆ ಕಾಲದಲ್ಲಿ ಪರಿಹಾರದ ಹಣ ಎಲ್ಲಿ ಬೇಕಾಗಿತ್ತೋ ಅಲ್ಲಿ ಇರಲಿಲ್ಲ.

ಇಲ್ಲಿ ಲೆಕ್ಕಾಚಾರದ ಮಾತೊಂದಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 34ನೆಯ ಕಲಮಿನ ಪ್ರಕಾರ ಡಿಕ್ರಿಯಾದ ಮೇಲಿನ ಬಡ್ಡಿ ಸಾಮಾನ್ಯವಾಗಿ ಶೇಕಡಾ 6ನ್ನು ಮೀರುವಂತಿಲ್ಲ; ವಾಣಿಜ್ಯ ವ್ಯವಹಾರಗಳಿಗೆ ಮಾತ್ರ ವಿನಾಯಿತಿ. ಗಂಡನನ್ನು ಕಳೆದುಕೊಂಡವಳು ಅಕ್ಕಿಬೇಳೆಗೆಂದು ಲೇವಾದೇವಿಗಾರನಲ್ಲಿ ಸಾಲ ತೆಗೆದರೆ ತೆರಬೇಕಾದ ಬಡ್ಡಿ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು. ಅಂದರೆ ಪರಿಹಾರವನ್ನು ತಡೆಹಿಡಿದ ಸಂಸ್ಥೆಯು ಆ ವಿಧವೆಯಿಂದ ಅಗ್ಗದ ದರದಲ್ಲಿ ಸಾಲ ಪಡೆದಂತಾಯಿತು. ಅವಳು ಕೊಟ್ಟ ಸಾಲಕ್ಕೆ ಅವಳ ಒಪ್ಪಿಗೆಯೂ ಇರಲಿಲ್ಲ. ತಡಮಾಡುವುದರಿಂದ ನಗರದ ಬೊಕ್ಕಸಕ್ಕೆ ಲಾಭವೆಂದು ಕಾಣುವುದು ಈ ಕಾರಣದಿಂದಲೇ. ಅದರ ಮೇಲೆ, ಪೌರಸಂಸ್ಥೆಗಳ ಲೆಕ್ಕಗಳು ಬಹುಕಾಲ ನಗದು ಪದ್ಧತಿಯಲ್ಲಿಯೇ ನಡೆದುಬಂದವು; ತೆತ್ತ ಹಣ ಮಾತ್ರ ಲೆಕ್ಕಕ್ಕೆ, ತೆರಬೇಕಾದೀತೆಂಬ ಹಣ ಲೆಕ್ಕಕ್ಕಿಲ್ಲ. ಉದ್ಭವ ಪದ್ಧತಿಯ ಜಮಾಖರ್ಚನ್ನು ವಿಧಿಸುವ ರಾಷ್ಟ್ರೀಯ ಪೌರಲೆಕ್ಕ ಕೈಪಿಡಿ ಬಂದದ್ದು 2004ರಲ್ಲಿ. ಅಲ್ಲಿಯವರೆಗೆ ಬಾಕಿ ಬಿದ್ದ ವ್ಯಾಜ್ಯ ಆಯವ್ಯಯ ಪತ್ರಿಕೆಯ ಮಟ್ಟಿಗೆ ಅಗೋಚರವಾಗಿತ್ತು. ಇಂದು ರಾಜಿ ಮಾಡಿಕೊಂಡರೆ ಹೊರೆ ಇಂದಿನ ಸಭೆಯದು. ವ್ಯಾಜ್ಯ ನಡೆಸಿದರೆ ಅದು ಮುಂದಿನ ಸಭೆಯದು.

ಅಧಿಕಾರಿಯ ಮನಸ್ಸೂ ಇದೇ ತಕ್ಕಡಿಯಲ್ಲಿ ತೂಗುತ್ತದೆ. ಹತ್ತು ಸಾವಿರಕ್ಕೆ ರಾಜಿ ಮಾಡಿಕೊಂಡವನನ್ನು ಲೆಕ್ಕಪರಿಶೋಧಕನು 'ಏಕೆ ಕೊಟ್ಟೆ' ಎಂದು ಕೇಳುತ್ತಾನೆ. ಇಪ್ಪತ್ತು ಸಾವಿರದ ಡಿಕ್ರಿಯನ್ನು ತಲೆಯ ಮೇಲೆ ಹೊತ್ತು ಬಂದವನನ್ನು ಯಾರೂ ಏನೂ ಕೇಳುವುದಿಲ್ಲ; ನ್ಯಾಯಾಲಯದ ಆಜ್ಞೆಯೇ ಅವನ ಕವಚ. ಹೀಗಾಗಿ ಅಪೀಲಿನ ಮೇಲೆ ಅಪೀಲು ಹೋಗುವುದಕ್ಕೆ ಯಾವ ಅಧಿಕಾರಿಯ ದುಷ್ಟತನವೂ ಬೇಕಾಗಿಲ್ಲ, ಎಚ್ಚರಿಕೆಯೊಂದೇ ಸಾಕು.

ಆದರೂ ಪೌರಸಂಸ್ಥೆಯು ಎದುರಿಸಿದ ವ್ಯಾಜ್ಯವೆಲ್ಲ ಅನ್ಯಾಯವೆಂದು ತಿಳಿಯಬಾರದು. ರಾಜಕೋಟೆಯಲ್ಲಿ 1975ರಲ್ಲಿ ಬೀದಿಬದಿಯ ಮರವೊಂದು ಬಿದ್ದು ದಾರಿಹೋಕನೊಬ್ಬನು ಸತ್ತ ಪ್ರಕರಣದಲ್ಲಿ, ಪ್ರತಿಯೊಂದು ಮರದ ಆರೋಗ್ಯವನ್ನೂ ಪರೀಕ್ಷಿಸುತ್ತಿರಬೇಕೆಂಬ ಹೊಣೆ ನಗರಸಭೆಯ ಮೇಲೆ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1997ರಲ್ಲಿ ನಿರ್ಣಯಿಸಿತು. 1997ರಲ್ಲೇ ದಿಲ್ಲಿಯ ಉಪಹಾರ್ ಚಿತ್ರಮಂದಿರದಲ್ಲಿ ಬೆಂಕಿ ಹತ್ತಿ 59 ಮಂದಿ ಮಡಿದಾಗ ಉಚ್ಚ ನ್ಯಾಯಾಲಯವು ಪರಿಹಾರದ ಶೇಕಡಾ 15ರ ಹೊಣೆಯನ್ನು ಕಾರ್ಪೊರೇಷನ್ನಿನ ಮೇಲೆ ಹೊರಿಸಿತ್ತು; 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತೆಗೆದುಹಾಕಿತು. ಈ ತೀರ್ಪುಗಳನ್ನು ಒಪ್ಪಬಹುದು, ಒಪ್ಪದಿರಬಹುದು. ಕಾರ್ಪೊರೇಷನ್ನುಗಳು ಮೊದಲೇ ಕೈಚೆಲ್ಲಿದ್ದರೆ ತೆರಿಗೆದಾರನ ಹಣ ಹೋಗುತ್ತಿತ್ತು ಎಂಬುದಂತೂ ನಿಜ. ಕಾನೂನು ಎಲ್ಲಿ ಅನಿಶ್ಚಿತವೋ ಅಲ್ಲಿ ನ್ಯಾಯಾಲಯದ ಮಾತನ್ನು ಕೇಳುವುದು ತಪ್ಪಲ್ಲ. ಆದರೆ ಮರದ ಮೊಕದ್ದಮೆ ಇಪ್ಪತ್ತೆರಡು ವರ್ಷ ಹಿಡಿಯಿತು. ಆ ಅನಿಶ್ಚಯದ ವೆಚ್ಚವನ್ನು ಭರಿಸಿದವರಲ್ಲಿ ಮುಖ್ಯವಾಗಿ ಸತ್ತವನ ಮನೆಯವರೇ ಇದ್ದರು.

3

ಇದಕ್ಕೆ ತೀರ ವಿರುದ್ಧವಾದ ಸಮಸ್ಯೆಯನ್ನು ಕನ್ನಡ ನಾಡಿನ ಉಡುಪಿ ನಮ್ಮ ಮುಂದಿಡುತ್ತದೆ. ಅಲ್ಲಿಯ ಪುರಸಭೆಯು ಒಬ್ಬ ಗೃಹಸ್ಥನಿಗೆ ಕಲ್ಯಾಣಮಂಟಪವನ್ನು ಕಟ್ಟಲು ಪರವಾನಗಿ ಕೊಟ್ಟಿತ್ತು. ಮುಂದೆ ಅದೇ ಕಟ್ಟಡವನ್ನು ಚಿತ್ರಮಂದಿರವನ್ನಾಗಿ ಮಾರ್ಪಡಿಸಲು ಅನುಮತಿ ನೀಡಿತು. ನಗರಯೋಜನೆಯ ಪ್ರಕಾರ ಅದು ವಾಸದ ಮನೆಗಳಿಗೆ ಮೀಸಲಾದ ಪ್ರದೇಶ. ನೆರೆಯ ನಿವಾಸಿಯೊಬ್ಬರು ನ್ಯಾಯಾಲಯದ ಮೊರೆಹೊಕ್ಕರು. ಪುರಸಭೆಯ ಅನುಮತಿ ಯೋಜನೆಗೆ ವಿರುದ್ಧವೆಂಬುದನ್ನು ಉಚ್ಚ ನ್ಯಾಯಾಲಯ ಒಪ್ಪಿತು. ಆದರೆ ಕಟ್ಟಡದ ಒಡೆಯನು ಆಗಲೇ ಅಪಾರ ಹಣ ವ್ಯಯಮಾಡಿರುವುದರಿಂದ ಈಗ ತಡೆಯುವುದು ಸಾಧುವಲ್ಲವೆಂದು ಕೈಬಿಟ್ಟಿತು.

ಲೋಕರೂಢಿಯಲ್ಲಿ ಇದು ವಿವೇಕದ ಮಾತಾಗಿಯೇ ಕಾಣುತ್ತದೆ. ಆದದ್ದು ಆಗಿಹೋಯಿತು, ಕಟ್ಟಿದ್ದನ್ನು ಕೆಡವುವುದೇಕೆ, ಎಲ್ಲರೂ ಹೊಂದಿಕೊಂಡು ಹೋಗಲಿ ಎಂಬುದು ಪಂಚಾಯಿತಿ ಕಟ್ಟೆಯ ನ್ಯಾಯ. 1974ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ತಳ್ಳಿಹಾಕಿತು. ಶಾಸನವು ಕೊಡದ ಅಧಿಕಾರವನ್ನು ಪುರಸಭೆಯು ಚಲಾಯಿಸಿದ್ದರೆ ಯಾರ ಮೌನವಾಗಲಿ ಯಾರ ಒಪ್ಪಿಗೆಯಾಗಲಿ ಅದನ್ನು ಸಿಂಧುಗೊಳಿಸಲಾರದು. ಅಕ್ರಮದ ಮೇಲೆ ಸುರಿದ ಹಣ ನ್ಯಾಯವನ್ನು ಕೊಂಡುಕೊಳ್ಳಲಾರದು. ಯೋಜನೆಯನ್ನು ಪಾಲಿಸುವಂತೆ ಪುರಸಭೆಯನ್ನು ಒತ್ತಾಯಿಸುವ ಹಕ್ಕು ಆ ಪ್ರದೇಶದ ನಿವಾಸಿಗಳಿಗಿದೆ ಎಂಬುದು ಅದರ ತೀರ್ಪಿನ ಸಾರ.

ಉಡುಪಿಯ ಈ ಮೊಕದ್ದಮೆಯಿಂದ ತಿಳಿಯುವುದು ಇದು: ಪೌರಸಂಸ್ಥೆಗೆ ರಾಜಿಯಲ್ಲಿ ಬಿಟ್ಟುಕೊಡಲು ಸಾಧ್ಯವಿರುವುದು ತನ್ನ ಹಣವನ್ನು ಮಾತ್ರ. ಕಾನೂನನ್ನು ಅದು ಬಿಟ್ಟುಕೊಡಲಾರದು, ಏಕೆಂದರೆ ಕಾನೂನು ಅದರ ಸೊತ್ತಲ್ಲ. ಚಿತ್ರಮಂದಿರದ ಒಡೆಯನೂ ಪುರಸಭೆಯೂ ಎಷ್ಟೇ ಸೌಹಾರ್ದದಿಂದ ಕೈಕುಲುಕಿದರೂ ಪಕ್ಕದ ಮನೆಯವರ ನಿದ್ದೆಯನ್ನು ಅವರಿಬ್ಬರೂ ಸೇರಿ ಮಾರುವಂತಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 23ನೆಯ ಆದೇಶದ 3ನೆಯ ನಿಯಮವೂ ರಾಜಿಯು 'ನ್ಯಾಯಸಮ್ಮತ'ವಾಗಿದ್ದರೆ ಮಾತ್ರ ಅದನ್ನು ಡಿಕ್ರಿಯಲ್ಲಿ ದಾಖಲಿಸಬೇಕೆಂದು ಹೇಳುತ್ತದೆ. ಕಟ್ಟಡದ ಅಕ್ರಮಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸುವ ಪದ್ಧತಿ ಪ್ರಬಲವಾಗಿರುವ ಕಾಲದಲ್ಲಿ ಈ ಹಳೆಯ ತೀರ್ಪನ್ನು ಮತ್ತೆ ನೆನೆಯುವುದು ಅವಶ್ಯಕ.

4

ಮೂರನೆಯ ಪ್ರಕರಣ ಮುಂಬಯಿಯದು. ಅದು ಅತ್ಯಂತ ಪ್ರಸಿದ್ಧವಾದದ್ದು. ಆದರೆ ಅದರೊಳಗೆ ರಾಜಿಯ ಸಮಸ್ಯೆಯೊಂದು ಹುದುಗಿರುವುದನ್ನು ಗಮನಿಸಿದವರು ವಿರಳ. 1981ರ ಜುಲೈ 13ರಂದು ಮಹಾರಾಷ್ಟ್ರದ ಅಂದಿನ ಮುಖ್ಯಮಂತ್ರಿ ಎ. ಆರ್. ಅಂತುಲೆಯವರು ಮುಂಬಯಿಯ ಪಾದಚಾರಿ ಮಾರ್ಗಗಳಲ್ಲಿ ವಾಸಿಸುವವರನ್ನು ತೆರವುಗೊಳಿಸಿ ಅವರವರ ಊರುಗಳಿಗೆ ಕಳುಹಿಸಲಾಗುವುದೆಂದು ಘೋಷಿಸಿದರು. ಮಳೆಗಾಲದ ನಡುವೆ ಗುಡಿಸಲುಗಳು ಉರುಳತೊಡಗಿದವು. ಜನರನ್ನು ಬಸ್ಸುಗಳಲ್ಲಿ ತುಂಬಿ ನಗರದ ಹೊರಗೆ ಸಾಗಿಸಲಾಯಿತು. ಗುಡಿಸಲಿನವರು ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ಹೋದರು.

ಅಲ್ಲಿ ಒಂದು ಹೊಂದಾಣಿಕೆಯಾಯಿತು. ಅಕ್ಟೋಬರ್ 15ರವರೆಗೆ ಗುಡಿಸಲುಗಳನ್ನು ಕೆಡವುವುದಿಲ್ಲವೆಂದು ಎದುರು ಪಕ್ಷ ಒಪ್ಪಿತು. ಪಾದಚಾರಿ ಮಾರ್ಗದಲ್ಲಿ ಗುಡಿಸಲು ಕಟ್ಟುವ ಮೂಲಭೂತ ಹಕ್ಕು ತಮಗಿಲ್ಲವೆಂದೂ, ಆ ದಿನಾಂಕದ ನಂತರ ಕೆಡವಲು ಬಂದರೆ ಅಡ್ಡಿಪಡಿಸುವುದಿಲ್ಲವೆಂದೂ ಗುಡಿಸಲಿನವರ ಪರವಾಗಿ ಮಾತು ಕೊಡಲಾಯಿತು. ಹೊರನೋಟಕ್ಕೆ ಎರಡೂ ಕಡೆಗೆ ಅನುಕೂಲವಾದ ಒಪ್ಪಂದ. ಮಳೆಗಾಲ ಕಳೆಯುವುದು ಒಬ್ಬರಿಗೆ, ಮಾರ್ಗ ತೆರವಾಗುವುದು ಇನ್ನೊಬ್ಬರಿಗೆ. ಆದರೆ ಈ ರಾಜಿಯ ತಕ್ಕಡಿ ಸಮವಾಗಿತ್ತೆ? ನಗರ ಬಿಟ್ಟುಕೊಟ್ಟದ್ದು ಮೂರು ತಿಂಗಳ ಕಾಲವನ್ನು. ಗುಡಿಸಲಿನವರು ಬಿಟ್ಟುಕೊಟ್ಟದ್ದು ವಾದಿಸುವ ಹಕ್ಕನ್ನೇ. ನೆತ್ತಿಯ ಮೇಲೆ ಮಳೆ ಸುರಿಯುತ್ತಿರುವಾಗ ಮನುಷ್ಯನು ಮೂರು ತಿಂಗಳಿಗಾಗಿ ಏನನ್ನು ಬೇಕಾದರೂ ಬರೆದುಕೊಡುತ್ತಾನೆ.

ವಿಷಯ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಾಗ ಈ ಮಾತನ್ನೇ ಮುಂದೊಡ್ಡಿ, ಇವರು ಈಗ ಹಿಂದೆ ಸರಿಯುವಂತಿಲ್ಲವೆಂದು ವಾದಿಸಲಾಯಿತು. ಮುಖ್ಯ ನ್ಯಾಯಾಧೀಶ ವೈ. ವಿ. ಚಂದ್ರಚೂಡರ ನೇತೃತ್ವದ ಐವರು ನ್ಯಾಯಾಧೀಶರ ಪೀಠವು 1985ರ ಜುಲೈ 10ರಂದು ಓಲ್ಗಾ ಟೆಲಿಸ್ ಮೊಕದ್ದಮೆಯ ತೀರ್ಪಿನಲ್ಲಿ ಆ ಆಕ್ಷೇಪವನ್ನು ನಿರಾಕರಿಸಿತು. ಸಂವಿಧಾನಕ್ಕೆ ವಿರುದ್ಧವಾಗಿ ಯಾರನ್ನೂ ಅವರ ಮಾತಿಗೆ ಕಟ್ಟಿಹಾಕುವಂತಿಲ್ಲ. ಮೂಲಭೂತ ಹಕ್ಕುಗಳು ಆ ವ್ಯಕ್ತಿಯ ಲಾಭಕ್ಕಾಗಿ ಮಾತ್ರ ಇರುವುವಲ್ಲ, ಸಮಾಜದ ಹಿತಕ್ಕಾಗಿಯೂ ಇರುವುವು. ಆದುದರಿಂದ ಅವನ್ನು ಒಬ್ಬನು ಚೌಕಾಸಿಯಲ್ಲಿ ತ್ಯಜಿಸಲಾರನು ಎಂಬುದು ಅದರ ಅಭಿಪ್ರಾಯ. ಬದುಕುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂಬ ಪ್ರಖ್ಯಾತ ನಿರ್ಣಯಕ್ಕೆ ಬಾಗಿಲು ತೆರೆದದ್ದು ಈ ಮೊದಲ ಹೆಜ್ಜೆ. ಅಂದಿನ ಹೊಂದಾಣಿಕೆ ಬಂಧಕವೆಂದು ಎಣಿಸಿದ್ದರೆ ಆ ನಿರ್ಣಯ ಆ ಮೊಕದ್ದಮೆಯಲ್ಲಿ ಹುಟ್ಟುತ್ತಲೇ ಇರಲಿಲ್ಲ.

ಫಲಿತಾಂಶವನ್ನು ಬಣ್ಣಕಟ್ಟಿ ಹೇಳಬೇಕಾದ್ದಿಲ್ಲ. ಪಾದಚಾರಿ ಮಾರ್ಗದ ಒತ್ತುವರಿಯನ್ನು ತೆಗೆಯುವ ಅಧಿಕಾರ 1888ರ ಶಾಸನದ 314ನೆಯ ಕಲಮಿನ ಮೇರೆಗೆ ಕಾರ್ಪೊರೇಷನ್ನಿಗೆ ಇದೆ ಎಂದೇ ನ್ಯಾಯಾಲಯ ಹೇಳಿತು. 1976ರ ಗಣತಿಯಲ್ಲಿ ಗುರುತಿನ ಚೀಟಿ ಪಡೆದವರಿಗೆ ಮಾಲವಣಿಯಲ್ಲೋ ಬೇರೆ ಅನುಕೂಲ ಸ್ಥಳದಲ್ಲೋ ಬದಲಿ ನಿವೇಶನ ಕೊಡಬೇಕೆಂದೂ, 1985ರ ಅಕ್ಟೋಬರ್ 31ರವರೆಗೆ ಯಾರನ್ನೂ ಎಬ್ಬಿಸಬಾರದೆಂದೂ ವಿಧಿಸಿತು. ತತ್ತ್ವದಲ್ಲಿ ಗೆದ್ದವರು ನೆಲದಲ್ಲಿ ಬಹುಪಾಲು ಸೋತರು. ಗಾದೆ ಇಲ್ಲಿಯೂ ತನ್ನ ಬಲವನ್ನು ತೋರಿಸಿತು. ಆದರೂ ಅವರು ಗಳಿಸಿಕೊಟ್ಟ ತತ್ತ್ವ ಮುಂದಿನ ಎಷ್ಟೋ ಮೊಕದ್ದಮೆಗಳಲ್ಲಿ ಬೇರೆಯವರಿಗೆ ಆಶ್ರಯವಾಯಿತು.

5

ಈ ಮೂರು ಮೊಕದ್ದಮೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ರಾಜಿಯ ಪ್ರಶ್ನೆಗೆ ಒಂದೇ ಉತ್ತರವಿಲ್ಲವೆಂಬುದು ಸ್ಪಷ್ಟವಾಗುತ್ತದೆ. ದಿಲ್ಲಿಯಂಥ ಪ್ರಕರಣದಲ್ಲಿ ತಪ್ಪು ಪ್ರತ್ಯಕ್ಷ. ಚರ್ಚೆಗೆ ಉಳಿದದ್ದು ಹಣದ ಮೊತ್ತ ಮಾತ್ರ. ಅಲ್ಲಿ ರಾಜಿ ಮಾಡಿಕೊಳ್ಳದಿರುವುದೇ ಎರಡನೆಯ ಅಪರಾಧ. ಉಡುಪಿಯಂಥ ಪ್ರಕರಣದಲ್ಲಿ ವ್ಯಾಜ್ಯದ ವಸ್ತು ಮೂರನೆಯವನ ಹಕ್ಕು. ಅಲ್ಲಿ ರಾಜಿಯೇ ಅಪರಾಧ. ಮುಂಬಯಿಯಂಥ ಪ್ರಕರಣದಲ್ಲಿ ಎರಡು ಪಕ್ಷಗಳ ಬಲ ಅಜಗಜಾಂತರ. ಅಲ್ಲಿ ರಾಜಿಯಾಗಬಹುದು, ಆದರೆ ನ್ಯಾಯಾಲಯದ ಕಣ್ಗಾವಲಿನಲ್ಲಿ ಮಾತ್ರ. ಪ್ರಾತಿನಿಧಿಕ ದಾವೆಗಳನ್ನು ನ್ಯಾಯಾಲಯದ ಅನುಮತಿಯಿಲ್ಲದೆ, ಸಂಬಂಧಪಟ್ಟವರಿಗೆ ತಿಳಿಸದೆ ರಾಜಿ ಮಾಡಿಕೊಳ್ಳಬಾರದೆಂದು 1976ರ ತಿದ್ದುಪಡಿಯು ಸಿವಿಲ್ ಪ್ರಕ್ರಿಯಾ ಸಂಹಿತೆಗೆ 3-ಬಿ ನಿಯಮವನ್ನು ಸೇರಿಸಿದ್ದರ ಹಿಂದಿನ ವಿವೇಕ ಇದೇ.

ರಾಜಿಗೆ ಬೇಕಾದ ಸಾಧನಗಳ ಕೊರತೆಯೇನೂ ಈಗ ಇಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಶಾಸನ 1995ರಲ್ಲಿ ಜಾರಿಗೆ ಬಂದು ಲೋಕ ಅದಾಲತುಗಳಿಗೆ ಶಾಸನಬದ್ಧ ಸ್ಥಾನ ದೊರೆಯಿತು. ಅಲ್ಲಿ ಆದ ತೀರ್ಮಾನಕ್ಕೆ ಡಿಕ್ರಿಯ ಬಲವಿದೆ, ಅದರ ಮೇಲೆ ಅಪೀಲಿಲ್ಲ. 2002ರಿಂದ ಸಂಹಿತೆಯ 89ನೆಯ ಕಲಮು ನ್ಯಾಯಾಲಯಗಳೇ ಪಕ್ಷಗಳನ್ನು ಸಂಧಾನದ ಕಡೆಗೆ ತಿರುಗಿಸಲು ಅವಕಾಶ ಮಾಡಿದೆ. ಇವುಗಳ ಜೊತೆಗೆ ಬೇಕಾದದ್ದು, ಸಕಾರಣವಾಗಿ ರಾಜಿ ಮಾಡಿಕೊಂಡ ಅಧಿಕಾರಿಗೆ ರಕ್ಷಣೆ, ಅಕಾರಣವಾಗಿ ಅಪೀಲು ಹೂಡಿದವನಿಗೆ ಪ್ರಶ್ನೆ. 'ಏಕೆ ಕೊಟ್ಟೆ' ಎಂದು ಕೇಳುವ ಲೆಕ್ಕಪರಿಶೋಧಕನು 'ಏಕೆ ಕೊಡಲಿಲ್ಲ' ಎಂದೂ ಕೇಳುವಂತಾದರೆ ತಕ್ಕಡಿ ಅರ್ಧಕ್ಕರ್ಧ ಸರಿಹೋಗುತ್ತದೆ. ಬಾಕಿ ವ್ಯಾಜ್ಯಗಳ ಪಟ್ಟಿಯನ್ನೂ ಅವುಗಳಿಂದ ಬರಬಹುದಾದ ಹೊರೆಯನ್ನೂ ಪ್ರತಿವರ್ಷದ ಆಯವ್ಯಯದೊಡನೆ ಸಭೆಯ ಮುಂದಿಡುವ ಪದ್ಧತಿ ಗಟ್ಟಿಯಾದರೆ ಉಳಿದರ್ಧವೂ ಸರಿಹೋದೀತು.

ಚಾಂದನೀ ಚೌಕದಲ್ಲಿ ಆ ಗೋಪುರ ಈಗಿಲ್ಲ. ಅದರ ಗಾರೆ ಹಳೆಯದಾಗಿದೆಯೆಂದು ತಿಳಿಯಲು ಪೌರಸಂಸ್ಥೆಗೆ ನಲವತ್ತು ವರ್ಷಗಳ ಅವಕಾಶವಿತ್ತು. ಬಿದ್ದ ಮೇಲೆ ತಪ್ಪನ್ನು ಒಪ್ಪಿಕೊಳ್ಳಲು ಮತ್ತೆ ಹದಿನೈದು ವರ್ಷಗಳ ಅವಕಾಶವಿತ್ತು. ಎರಡನ್ನೂ ಅದು ಕಳೆದುಕೊಂಡಿತು. ನಗರವು ಸಾಯದ ಪ್ರತಿವಾದಿಯೆಂಬುದು ನಿಜ. ಆ ಕಾರಣದಿಂದಲೇ, ಸಾಯುವ ಮನುಷ್ಯರ ಕಾಲವನ್ನು ಲೆಕ್ಕಕ್ಕೆ ಹಿಡಿಯುವ ಹೊಣೆ ಅದರ ಮೇಲೆ ಹೆಚ್ಚು.